ನಾಳೆಗೆಂದು ಎತ್ತಿಟ್ಟ ಕಾಣಿಕೆ

ಹನುಮಂತನಗರದಿಂದ ಬಸವನಗುಡಿಯ ಕಡೆ ಇಳಿದರೆ ದೊಡ್ಡಬಸವಣ್ಣನ ಗುಡಿ. ಅಲ್ಲಿನ ಹುಂಡಿಯ ಲೆಕ್ಕ ಮುಜರಾಯಿ ಇಲಾಖೆಯದು. ಹೆಚ್ಚು ಆದಾಯದ ದೇವಸ್ಥಾನಗಳು ಗಳಿಕೆಯ ಒಂದು ಪಾಲನ್ನು ಸಾಮಾನ್ಯ ಸಂಗ್ರಹಣಾ ನಿಧಿಗೆ ಕೊಡಬೇಕೆಂದು ಕಾನೂನೇ ಇದೆ. ಎಣ್ಣೆ ಬತ್ತಿಗೂ ಗತಿಯಿಲ್ಲದ ಸಣ್ಣ ಗುಡಿಗಳಿಗೆ ಅದರಿಂದ ನೆರವು. ಈ ಏರ್ಪಾಡಿನ ಸುತ್ತ ನಡೆಯುವ ಜಗಳಗಳ ಮಾತು ಬೇರೆ. ಇದೇ ಬಡಾವಣೆಗಳ ಚರ್ಚುಗಳಿಗೆ ಮುಜರಾಯಿಯ ಅಂಕೆಯೂ ಇಲ್ಲ, ಆಸರೆಯೂ ಇಲ್ಲ. ಕಟ್ಟಡದ ದುರಸ್ತಿಗೆ ಸರ್ಕಾರ ಆಗೊಮ್ಮೆ ಈಗೊಮ್ಮೆ ಅನುದಾನ ಕೊಟ್ಟದ್ದುಂಟು. ಉಳಿದಂತೆ ಸಭಾಪಾಲಕರ ಸಂಬಳ, ಕರೆಂಟ್ ಬಿಲ್ಲು, ಸೋರುವ ಮಾಡಿನ ರಿಪೇರಿ ಎಲ್ಲವೂ ಭಾನುವಾರದ ಕಾಣಿಕೆ, ತಿಂಗಳ ಕವರು, ಸುಗ್ಗಿ ಹಬ್ಬದ ಹರಾಜಿನಿಂದಲೇ ನಡೆಯಬೇಕು.

ಆ ಹರಾಜಿನ ಸೊಗಸೇ ಬೇರೆ. ಕುಂಬಳಕಾಯಿಯೊಂದು ಸಾವಿರ ರೂಪಾಯಿಗೆ ಹೋಗುತ್ತದೆ. ಕೊಂಡವರು ಅದನ್ನು ಮತ್ತೆ ಸಭೆಗೇ ಒಪ್ಪಿಸುತ್ತಾರೆ. ಅದೇ ಕಾಯಿ ಎರಡನೇ ಸಲ ಕೂಗಿಗೆ ಬರುತ್ತದೆ. ಖಜಾಂಚಿಯ ಮುಖ ಅಂದು ಅರಳಿರುತ್ತದೆ. ಜನವರಿ ಹೊತ್ತಿಗೆ ಬಾಡುತ್ತದೆ.

2020ರ ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿಕೊಂಡಾಗ ಕಾಣಿಕೆಯನ್ನೇ ನಂಬಿದ ಚರ್ಚುಗಳ ಈ ಏರ್ಪಾಡು ಎಷ್ಟು ತೆಳುವಾದದ್ದೆಂದು ಎಲ್ಲರಿಗೂ ಗೊತ್ತಾಯಿತು. ಆ ವರ್ಷದ ಈಸ್ಟರ್ ಏಪ್ರಿಲ್ 12ರಂದು ಬಂತು, ಆರಾಧನೆ ಮೊಬೈಲಿನಲ್ಲಿ ನಡೆಯಿತು, ಕಾಣಿಕೆ ಚೀಲ ಮಾತ್ರ ಸಾಲಿನಿಂದ ಸಾಲಿಗೆ ಸಾಗಲಿಲ್ಲ. ಪ್ರಾರ್ಥನಾ ಮಂದಿರಗಳು ತೆರೆಯಲು ಅನುಮತಿ ಸಿಕ್ಕದ್ದು ಜೂನ್ 8ರ ನಂತರ. ಈಗ ಬಾಗಿಲ ಬಳಿ ಕ್ಯೂಆರ್ ಕೋಡ್ ಅಂಟಿಸಿಕೊಂಡ ಚರ್ಚುಗಳಿಗೆ ಆ ಬುದ್ಧಿ ಬಂದದ್ದು ಬಹುಪಾಲು ಆಗಲೇ.

ಹಾಗಾದರೆ ಕಷ್ಟಕಾಲಕ್ಕೆಂದು ಹಣ ಕೂಡಿಡುವುದು ಸರಿಯೇ? ಲೆಕ್ಕಿಗರಿಗೆ ಇದು ಪ್ರಶ್ನೆಯೇ ಅಲ್ಲ, ಭಕ್ತರಿಗೆ ಹೌದು. ನಾಳೆಯ ಚಿಂತೆ ಬೇಡವೆಂದು ಯೇಸುವೇ ಬೆಟ್ಟದ ಮೇಲಿನ ಪ್ರಸಂಗದಲ್ಲಿ ಹೇಳಿದ್ದಾನೆ. ಅರಣ್ಯದಲ್ಲಿ ಇಸ್ರಾಯೇಲರು ಮರುದಿನಕ್ಕೆಂದು ಎತ್ತಿಟ್ಟ ಮನ್ನ ಹುಳುಬಿದ್ದು ನಾರಿತೆಂದು ವಿಮೋಚನಕಾಂಡದಲ್ಲಿದೆ. ಬೆಳೆ ಹೆಚ್ಚಾಯಿತೆಂದು ದೊಡ್ಡ ಕಣಜ ಕಟ್ಟಲು ಹೊರಟ ಸಾಹುಕಾರ ಅದೇ ರಾತ್ರಿ ಸತ್ತ ಕಥೆ ಲೂಕನದು. ಇಷ್ಟನ್ನೇ ಓದಿದವರಿಗೆ ಚರ್ಚಿನ ಹೆಸರಿನ ಫಿಕ್ಸೆಡ್ ಡಿಪಾಸಿಟ್ ಅವಿಶ್ವಾಸದ ರಸೀದಿಯಂತೆ ಕಂಡರೆ ತಪ್ಪೇನಿಲ್ಲ.

ಆದರೆ ಯೋಸೇಫನೂ ಅದೇ ಬೈಬಲಿನವನು. ಸಮೃದ್ಧಿಯ ಏಳು ವರ್ಷ ಐಗುಪ್ತದ ಬೆಳೆಯಲ್ಲಿ ಐದನೇ ಒಂದು ಪಾಲನ್ನು ಕಣಜಕ್ಕೆ ಸೇರಿಸಿ, ಬರದ ಏಳು ವರ್ಷ ಜನರನ್ನು ಬದುಕಿಸಿದವನು. ಲೂಕನ ಸಾಹುಕಾರ ಕಣಜ ಕಟ್ಟಲು ಹೊರಟ, ಯೋಸೇಫ ಕಣಜ ತುಂಬಿದ. ಒಬ್ಬನದು ತನ್ನ ಹೊಟ್ಟೆಗೆ, ಇನ್ನೊಬ್ಬನದು ಊರಿನ ಹೊಟ್ಟೆಗೆ. ಚರ್ಚಿನ ಉಳಿತಾಯದ ಬಗ್ಗೆ ಧರ್ಮಶಾಸ್ತ್ರ ಕೇಳಬೇಕಾದ ಮೊದಲ ಪ್ರಶ್ನೆ ಇಲ್ಲಿದೆ: ಈ ಹಣ ಯಾರ ಬರಗಾಲಕ್ಕೆ?

ನಮ್ಮ ಆದಾಯ ತೆರಿಗೆ ಕಾನೂನು ಇದರಲ್ಲಿ ಮನ್ನದ ಕಡೆಗೆ ವಾಲಿದೆ ಎಂದರೆ ತಮಾಷೆಯಾದೀತು, ಆದರೂ ನಿಜ. ವಿನಾಯಿತಿ ಬೇಕಾದ ಧಾರ್ಮಿಕ ಟ್ರಸ್ಟ್ ವರ್ಷದ ಆದಾಯದಲ್ಲಿ ಶೇ 85ನ್ನು ಆ ಉದ್ದೇಶಕ್ಕೇ ಖರ್ಚು ಮಾಡಬೇಕು. ಸುಮ್ಮನೆ ಉಳಿಸಿಕೊಳ್ಳಲು ಶೇ 15. ಅದಕ್ಕಿಂತ ಹೆಚ್ಚು ಕೂಡಿಡಬೇಕಾದರೆ ಇಂಥ ಕೆಲಸಕ್ಕೆ, ಇಷ್ಟು ವರ್ಷಕ್ಕೆ ಎಂದು ಮೊದಲೇ ಬರೆದುಕೊಡಬೇಕು, ಅವಧಿಯೂ ಐದು ವರ್ಷ ಮೀರುವಂತಿಲ್ಲ. ಅಂದರೆ ಮಾಡಿನ ದುರಸ್ತಿಗೆ ಹಣ ಸೇರಿಸುವ ಸಭೆ, ಮಳೆ ಬಂದು ಬಕೆಟ್ ಇಟ್ಟ ಮೇಲೆ ಯೋಚಿಸುವ ಬದಲು, ಮೊದಲೇ ನಿರ್ಣಯ ಮಾಡಿ ಬರೆದಿಟ್ಟುಕೊಳ್ಳಲೇಬೇಕು. ಅಷ್ಟರಮಟ್ಟಿಗೆ ಈ ಕಾನೂನು ಒಳ್ಳೆಯ ಮೇಷ್ಟ್ರು.

ಕರ್ನಾಟಕದ ಕ್ರೈಸ್ತರಿಗೆ ಈ ಪಾಠ ಹೊಸದೇನಲ್ಲ. ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗ ಎದುರಿಸಿದ ದೊಡ್ಡ ಸಮಸ್ಯೆ ಅನ್ನದ್ದು. ಕ್ರೈಸ್ತರಾದವರು ಮನೆ, ಜಾತಿ, ಗೇಣಿಯ ಗದ್ದೆ ಮೂರನ್ನೂ ಕಳೆದುಕೊಳ್ಳುತ್ತಿದ್ದರು. ಅವರಿಗೆ ಕೆಲಸ ಕೊಡಲೆಂದು ಮಿಷನ್ ಮಗ್ಗ ಹಾಕಿತು, ಅಚ್ಚುಕೂಟ ನಡೆಸಿತು. 1865ರಲ್ಲಿ ಮಿಷನ್ನಿನ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಮಂಗಳೂರು ಹೆಂಚು ಕಡಲಾಚೆಗೂ ಹೆಸರಾಯಿತು. ದುಡಿಮೆ, ಶಾಲೆ, ಸಭೆ ಮೂರೂ ಒಂದೇ ಆಸರೆಗೆ ಒರಗಿದ್ದವು. 1914ರ ಯುದ್ಧದಲ್ಲಿ ಜರ್ಮನ್ ಮಿಷನರಿಗಳನ್ನು ಬ್ರಿಟಿಷರು ಬಂಧನದಲ್ಲಿಟ್ಟರು, ಕಾರ್ಖಾನೆಗಳು ಸರ್ಕಾರದ ವಶವಾಗಿ ಆಮೇಲೆ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಭಿಕ್ಷೆ ಬೇಡದೆ ದುಡಿದು ತಿನ್ನುವುದನ್ನು ಕಲಿಸಿದ ಮಿಷನ್ನಿನ ಆಸ್ತಿಗೇ ಈ ಗತಿ ಬಂತು. ದುಡಿಮೆಯಲ್ಲಿ ದೋಷವಿರಲಿಲ್ಲ, ಕೀಲಿಕೈ ಸಭೆಯವರ ಕೈಯಲ್ಲಿರಲಿಲ್ಲ.

ಆ ಹೊತ್ತಿಗಾಗಲೇ ಬೇರೆ ದಾರಿ ಹುಡುಕಿದವರೂ ಇದ್ದರು. 1905ರ ಕ್ರಿಸ್ಮಸ್ ದಿನ ಸೆರಾಂಪುರದಲ್ಲಿ ಹುಟ್ಟಿದ ನ್ಯಾಷನಲ್ ಮಿಷನರಿ ಸೊಸೈಟಿ ಭಾರತೀಯರ ಹಣ, ಭಾರತೀಯರ ಆಡಳಿತ ಎಂದು ಪಟ್ಟು ಹಿಡಿಯಿತು. ಅದರ ಸ್ಥಾಪಕರಲ್ಲೊಬ್ಬರಾದ ವಿ.ಎಸ್. ಅಜರಾಯ 1912ರಲ್ಲಿ ದೋರ್ನಕಲ್‌ನ ಬಿಷಪ್ ಆದಾಗ, ಕಡುಬಡವರ ಸಭೆಗಳೂ ಕೈಲಾದದ್ದನ್ನು ಕೊಡಲೇಬೇಕೆಂದರು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಮನೆಗಳಲ್ಲಿ ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿ ಚರ್ಚಿಗೆಂದು ತೆಗೆದಿಡುವ ಪದ್ಧತಿ ಶತಮಾನ ದಾಟಿದೆ. ಜೋಳಿಗೆ ಹಿಡಿದ ಸ್ವಾಮಿಗಳನ್ನೂ ಸಿದ್ಧಗಂಗೆಯ ದಾಸೋಹಕ್ಕೆ ಧಾನ್ಯ ಹೇರಿಕೊಂಡು ಹೋಗುವ ರೈತರನ್ನೂ ಕಂಡ ಕನ್ನಡಿಗರಿಗೆ ಈ ರೀತಿ ಬಿಡಿಸಿ ಹೇಳಬೇಕಾಗಿಲ್ಲ.

ಹೊರಗಿನ ಹಣದ ದಾರಿ ಈಗ ಇನ್ನೂ ಇಕ್ಕಟ್ಟಾಗಿದೆ. ವಿದೇಶಿ ದೇಣಿಗೆ ಕಾನೂನಿನ 2020ರ ತಿದ್ದುಪಡಿಯ ನಂತರ ಅಂಥ ಹಣ ಮೊದಲು ಬರಬೇಕಾದದ್ದು ದೆಹಲಿಯ ಸ್ಟೇಟ್ ಬ್ಯಾಂಕಿನ ಒಂದೇ ಶಾಖೆಗೆ. ಅದನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಆಡಳಿತದ ಖರ್ಚಿನ ಮಿತಿ ಶೇ 50ರಿಂದ 20ಕ್ಕೆ ಇಳಿದಿದೆ. ಈ ನಿಯಮಗಳ ಹಿಂದಿನ ಅನುಮಾನವನ್ನು ಯಾರೂ ಒಪ್ಪಬೇಕಿಲ್ಲ, ಪರಿಣಾಮವನ್ನಂತೂ ಲೆಕ್ಕಕ್ಕೆ ಹಿಡಿಯಲೇಬೇಕು.

ಉಳಿದ ಆಸೆ ಜಾಗದ ಮೇಲೆ. ಬೆಂಗಳೂರಿನ ಹಳೆಯ ಚರ್ಚುಗಳು ಚಿನ್ನದ ಬೆಲೆಯ ನೆಲದಲ್ಲಿ ಕೂತಿವೆ. ಮುಂದಿನ ಅಂಗಳದಲ್ಲಿ ವಾಣಿಜ್ಯ ಸಂಕೀರ್ಣ ಕಟ್ಟಿ ಬಾಡಿಗೆ ತಿನ್ನೋಣ ಎಂಬ ಸಲಹೆ ಕಮಿಟಿಗಳಲ್ಲಿ ಏಳುವುದು ಸಹಜ. ಆದರೆ ಬಾಡಿಗೆ ಬಂದಷ್ಟೂ ಕೊಡುವ ಕೈ ಸಡಿಲವಾಗುತ್ತದೆ, ಕಮಿಟಿ ಚುನಾವಣೆಯ ಪೈಪೋಟಿ ಬಿಗಿಯಾಗುತ್ತದೆ. ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) ಮೇಲಿನ ಆಡಳಿತ ಮಂಡಳಿಯಾದ ಸಿನಡ್ಡಿನ ಚುನಾವಣೆ ನಡೆಸಲು 2024ರಲ್ಲಿ ಮದ್ರಾಸ್ ಹೈಕೋರ್ಟ್ ನಿವೃತ್ತ ನ್ಯಾಯಮೂರ್ತಿಗಳನ್ನು ನೇಮಿಸಬೇಕಾಯಿತು. ಜೆರುಸಲೇಮಿನ ಬಡವರಿಗೆಂದು ಎತ್ತಿದ ಚಂದಾ ಹಣವನ್ನು ಪೌಲ ಒಬ್ಬನೇ ಒಯ್ಯಲೊಪ್ಪದೆ, ಯಾರೂ ಬೆರಳು ತೋರಬಾರದೆಂದು ಜೊತೆಗೆ ಇತರರನ್ನೂ ಕಳಿಸಿದ ಸಂಗತಿ ಕೊರಿಂಥದವರಿಗೆ ಬರೆದ ಎರಡನೇ ಪತ್ರದಲ್ಲಿದೆ. ಲೆಕ್ಕಪರಿಶೋಧನೆ ಇಂಗ್ಲಿಷರು ತಂದ ಕಿರುಕುಳ ಎನ್ನುವವರು ಆ ಪತ್ರದ ಎಂಟನೇ ಅಧ್ಯಾಯವನ್ನೊಮ್ಮೆ ತಿರುವಬಹುದು.

ಸಭೆಯೊಂದು ಆರು ತಿಂಗಳ ಖರ್ಚಿನಷ್ಟನ್ನು ಬೇರೆ ಖಾತೆಯಲ್ಲಿಟ್ಟು, ಅದನ್ನು ತೆಗೆಯಲು ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕೆಂದು ಕಟ್ಟಳೆ ಮಾಡಿಕೊಂಡರೆ ಹೆಚ್ಚಿನ ಗಂಡಾಂತರ ದಾಟಬಹುದು. ಪಿಂಚಣಿಯ ಹಿರಿಯರೇ ಹೆಚ್ಚು ಕೊಡುವ ಕಡೆ ಇದನ್ನು ಈಗಲೇ ಮಾಡಬೇಕು. ಅವರ ಮಕ್ಕಳು ವೈಟ್‌ಫೀಲ್ಡಿನಲ್ಲೋ ಮೆಲ್ಬರ್ನಿನಲ್ಲೋ ಇದ್ದಾರೆ, ಅವರ ಕವರು ಇಲ್ಲಿಗೆ ಬರುವುದಿಲ್ಲ. ಅಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಸಿ.ಎಸ್.ಐ. ಸಭೆಗಳು ಡಯಾಸಿಸಿಗೆ ಪಾಲು ಕಟ್ಟುವುದರಿಂದ ಪಟ್ಟಣದ ಹಣ ಸ್ವಲ್ಪವಾದರೂ ಹಳ್ಳಿಯ ಪಾದ್ರಿಗೆ ತಲುಪುತ್ತದೆ. ಬನಶಂಕರಿ, ಬಿಟಿಎಂ ಲೇಔಟುಗಳಲ್ಲಿ ಬಾಡಿಗೆಯ ಹಾಲ್ ಹಿಡಿದು ನಡೆಯುವ ಸ್ವತಂತ್ರ ಸಭೆಗಳಿಗೆ ಅಂಥ ಕೊಂಡಿಯಿಲ್ಲ. ಅವುಗಳಲ್ಲಿ ಎಷ್ಟೋ ಪಾಸ್ಟರುಗಳಿಗೆ ಪಿಎಫ್ ಇಲ್ಲ, ಹನ್ನೊಂದು ತಿಂಗಳ ಕರಾರು ಮುಗಿದರೆ ಆರಾಧನೆಗೆ ಜಾಗವೂ ಇಲ್ಲ. ದೊಡ್ಡ ಚರ್ಚುಗಳ ಉಳಿತಾಯದ ನಿರ್ಣಯದಲ್ಲಿ ಈ ನೆರೆಯವರಿಗೆ ಒಂದು ಪಾಲು ಇರಬೇಕೋ ಬೇಡವೋ ಎಂಬುದು ಪಾಸ್ಟರೇಟ್ ಕಮಿಟಿಗಳ ಮುಂದೆ ಇನ್ನೂ ಚರ್ಚೆಗೆ ಬರಬೇಕಾದ ವಿಷಯ.