ಗೆರೆಯಾಚೆ ನಿಂತವನ ಕರ್ಮ

ಬಂಗಾರಪೇಟೆಯಿಂದ ಮಾರಿಕುಪ್ಪಂ ಕಡೆಗೆ ಹೊರಟ ರೈಲು ಊರಿಗಾಂ ದಾಟಿತೆಂದರೆ ಮುಂದಿನದು ಚಾಂಪಿಯನ್. ಕಿಟಕಿಯಾಚೆ ಸೈನೈಡ್ ದಿಬ್ಬಗಳು, ತುಕ್ಕು ಹಿಡಿದ ಶಾಫ್ಟ್ ಗೋಪುರಗಳು. ಇಲ್ಲಿನ ಚಾಂಪಿಯನ್ ರೀಫ್ಸ್ ಎಂಬ ಚಿನ್ನದ ಗಣಿ ನೆಲದಿಂದ ಸುಮಾರು 3,200 ಮೀಟರ್ ಕೆಳಗಿಳಿದಿತ್ತು. ತಳದಲ್ಲಿ ಬಂಡೆಯ ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿತ್ತು. ಮೇಲಿನ ಭಾರ ತಾಳಲಾರದೆ ಬಂಡೆ ಇದ್ದಕ್ಕಿದ್ದಂತೆ ಸಿಡಿಯುತ್ತಿತ್ತು.

ಅಂಥ ಪಾತಾಳಕ್ಕೆ ಇಳಿಯುವವರ ಜೀವವನ್ನು ಮೇಲೆ ಕೂತ ಒಬ್ಬಾತ ಹಿಡಿದುಕೊಂಡಿರುತ್ತಿದ್ದ. ಆತ ವೈಂಡಿಂಗ್ ಎಂಜಿನ್ ಡ್ರೈವರ್. ಜನರನ್ನು ಇಳಿಸಿ ಏರಿಸುವ ಕೇಜ್‌ನಲ್ಲಿ ಯಾರಿದ್ದಾರೆಂಬುದು ಅವನಿಗೆ ಕಾಣದು. ಕಿವಿಗೆ ಬೆಲ್ ಸದ್ದು, ಕಣ್ಣೆದುರು ಆಳ ತೋರಿಸುವ ಮುಳ್ಳು, ಕೈಯಲ್ಲಿ ಲಿವರ್, ಬ್ರೇಕ್. ಎಷ್ಟು ಬೆಲ್ ಬಿತ್ತೋ ಅದರಂತೆ ಇಳಿಸಬೇಕು, ಏರಿಸಬೇಕು, ನಿಲ್ಲಿಸಬೇಕು. ಅವನ ಕೈ ಒಂದು ಗ್ರಾಂ ಚಿನ್ನವನ್ನೂ ಅಗೆಯಲಿಲ್ಲ. ಅವನಿಲ್ಲದೆ ಮೇಲೆ ಬಂದ ಚಿನ್ನವೂ ಇಲ್ಲ.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಕೆಲಸ ಹೋದ ಊರು ಇದೇ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವುದನ್ನು ರೂಢಿ ಮಾಡಿಕೊಂಡಿತು. ಅದೇ ವರ್ಷ, ಹಳಿಯ ಆ ತುದಿಯ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬ ಫುಟ್‌ಬಾಲ್ ಆಟಗಾರ ಬೂಟು ಕಳಚಿಟ್ಟರು. ಅವರು ಕಾರ್ಲ್‌ಟನ್ ಚಾಪ್‌ಮನ್.

1971ರಲ್ಲಿ ಹುಟ್ಟಿದ ಚಾಪ್‌ಮನ್ ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಯಲ್ಲಿ ಪಳಗಿ 1993ರಲ್ಲಿ ಈಸ್ಟ್ ಬೆಂಗಾಲ್ ಸೇರಿದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6–2ರಿಂದ ಬಗ್ಗುಬಡಿದಾಗ ಮೂರು ಗೋಲು ಅವರವೇ. ಮುಂದೆ ಪಂಜಾಬಿನ ಜೆಸಿಟಿಯಲ್ಲಿ ಐ. ಎಂ. ವಿಜಯನ್, ಬೈಚುಂಗ್ ಭುಟಿಯಾ ಜೊತೆ ಆಡಿದರು. 1996–97ರ ಮೊದಲ ರಾಷ್ಟ್ರೀಯ ಲೀಗ್ ಆ ತಂಡದ ಪಾಲಾಯಿತು. ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿ, ನಾಯಕರಾಗಿ 2001ರ ಲೀಗ್ ಗೆದ್ದುಕೊಟ್ಟು ಆಟ ನಿಲ್ಲಿಸಿದರು. ಆಮೇಲೆ ಕೋಚ್. ತಾವು ಕಲಿತ ಟಾಟಾ ಅಕಾಡೆಮಿಯಲ್ಲೇ ಹುಡುಗರಿಗೆ ಕಲಿಸಿದರು, ಶಿಲ್ಲಾಂಗ್‌ನ ರಾಯಲ್ ವಾಹಿಂಗ್ಡೋ ತಂಡವನ್ನು ಕಟ್ಟಿದರು.

ಅಲ್ ಜವ್ರಾ ವಿರುದ್ಧದ ಆ ಮೂರು ಗೋಲು ಯಾರವು ಎಂದರೆ ಉತ್ತರ ಸಲೀಸು. ಚಾಪ್‌ಮನ್ ತಿದ್ದಿದ ಹುಡುಗ ಮುಂದೊಂದು ದಿನ ಹೊಡೆದ ಗೋಲು ಯಾರದು? ಒದ್ದ ಕಾಲಿನದೋ, ಆ ಕಾಲನ್ನು ಪಳಗಿಸಿದವರದೋ? ಅದೇ ಹುಡುಗ ಎದುರಾಳಿಯ ಮೊಣಕಾಲು ಮುರಿದರೆ ಆ ಪಾಪ ಯಾರ ಲೆಕ್ಕಕ್ಕೆ? ಮಾಡಿದವನಿಗೂ ಮಾಡಿಸಿದವನಿಗೂ ಕರ್ಮ ಹಂಚಿಕೆಯಾಗುವುದು ಹೇಗೆ ಎಂಬ ಈ ಪ್ರಶ್ನೆ ಫುಟ್‌ಬಾಲಿಗಿಂತ ಬಹಳ ಹಳೆಯದು.

ಇದಕ್ಕೊಂದು ಸೊಗಸಾದ ಉದಾಹರಣೆ ದೂರದ ರೊಮೇನಿಯಾದ್ದು. ಬುಕಾರೆಸ್ಟ್‌ನ ಸ್ಟೆಯಾವಾ ತಂಡದಲ್ಲಿ ಹೆಸರು ಮಾಡಿದ ಆಂಗೆಲ್ ಯೊರ್ಡಾನೆಸ್ಕು ಅಲ್ಲೇ ಎಮೆರಿಕ್ ಯೆನೈ ಅವರ ಸಹಾಯಕ ಕೋಚ್ ಆದರು. 1986ರ ಮೇ 7ರಂದು ಸ್ಪೇನಿನ ಸೆವಿಲ್‌ನಲ್ಲಿ ಯುರೋಪಿಯನ್ ಕಪ್ ಫೈನಲ್, ಎದುರಿಗೆ ಬಾರ್ಸಿಲೋನಾ. ಗೋಲಿಲ್ಲದೆ ಆಟ ಎಳೆಯುತ್ತಿತ್ತು. 72ನೇ ನಿಮಿಷದಲ್ಲಿ, 36 ವರ್ಷದ ಈ ಸಹಾಯಕ ಕೋಚ್ ಬದಲಿ ಆಟಗಾರನಾಗಿ ಮೈದಾನಕ್ಕೆ ಇಳಿದೇಬಿಟ್ಟರು! ಮಾಡಿಸುವವ ಮತ್ತೆ ಮಾಡುವವನಾದ.

ಆದರೆ ಗೆಲುವು ಅವರ ಕಾಲಿನಿಂದ ಬರಲಿಲ್ಲ. ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಹೆಲ್ಮುತ್ ಡುಕಡಾಮ್ ಬಾರ್ಸಿಲೋನಾದ ನಾಲ್ಕಕ್ಕೆ ನಾಲ್ಕನ್ನೂ ತಡೆದರು. ಸ್ಟೆಯಾವಾ 2–0ರಿಂದ ಕಪ್ ಎತ್ತಿತು. ಯೊರ್ಡಾನೆಸ್ಕು ಒಂದೂ ಪೆನಾಲ್ಟಿ ಒದೆಯಲಿಲ್ಲ.

ಕುಮಾರವ್ಯಾಸನನ್ನು ಕೇಳುತ್ತ ಬೆಳೆದವರಿಗೆ ಈ ದೃಶ್ಯ ಹೊಸದೇನಲ್ಲ. ಕುರುಕ್ಷೇತ್ರದಲ್ಲಿ ಆಯುಧ ಮುಟ್ಟೆನೆಂದು ಮಾತು ಕೊಟ್ಟು ಸಾರಥಿಯಾದ ಕೃಷ್ಣ, ಭೀಷ್ಮನ ಬಾಣಗಳೆದುರು ಅರ್ಜುನ ಮಂಕಾದಾಗ ತಡೆಯಲಾರದೆ ಚಕ್ರ ಹಿಡಿದು ರಥದಿಂದ ಧುಮುಕುತ್ತಾನೆ. ಆದರೆ ಭೀಷ್ಮ ಬೀಳುವುದು ಆ ಚಕ್ರಕ್ಕಲ್ಲ. ಗೆರೆ ದಾಟಿದರೂ ಕೆಲಸ ಮುಗಿಸಬೇಕಾದವರು ಬೇರೆಯವರೇ. ಕರ್ಮದ ಬಗೆಗಿನ ನಮ್ಮ ಅತಿ ದೊಡ್ಡ ಉಪದೇಶ ಬಂದದ್ದೂ ಹೊಡೆದಾಡದೆ ಲಗಾಮು ಹಿಡಿದು ಕೂತವನ ಬಾಯಿಂದ. ಕರ್ಮ ಬಿಟ್ಟು ಕೂತವನಲ್ಲೂ ಕರ್ಮ ಕಾಣುವವನೇ ಬಲ್ಲವನು ಎಂದು ಗೀತೆ ಹೇಳುವಾಗ, ಸಾರಥಿ ತನ್ನ ಬಗ್ಗೆಯೇ ಮಾತಾಡುತ್ತಿದ್ದಾನೇನೋ ಅನಿಸುತ್ತದೆ.

ಇನ್ನೂ ತೊಡಕಿನದು ಗದಾಯುದ್ಧ. ಗದೆಯ ಪಟ್ಟುಗಳನ್ನು ಭೀಮನಿಗೂ ದುರ್ಯೋಧನನಿಗೂ ಕಲಿಸಿದವನು ಬಲರಾಮ. ತೀರ್ಥಯಾತ್ರೆ ಮುಗಿಸಿ ಬಂದವನೆದುರು ಶಿಷ್ಯರಿಬ್ಬರೂ ಸೆಣಸಾಡುತ್ತಿದ್ದಾರೆ. ಅಂಗಳದ ಅಂಚಿನಲ್ಲಿ ಕೃಷ್ಣನೂ ಇದ್ದಾನೆ. ಅವನ ಮಾತು ಕೇಳಿ ಅರ್ಜುನ ತನ್ನ ತೊಡೆ ತಟ್ಟಿಕೊಳ್ಳುತ್ತಾನೆ. ಭೀಮನಿಗೆ ಸನ್ನೆ ಅರ್ಥವಾಗುತ್ತದೆ. ಗದೆ ನಾಭಿಯ ಕೆಳಗೆ ಬೀಳುತ್ತದೆ. ಇವತ್ತಿನ ಭಾಷೆಯಲ್ಲಿ ಇದು ಟಚ್‌ಲೈನ್‌ನಿಂದ ಬಂದ ಸೂಚನೆ, ನಿಚ್ಚಳ ಫೌಲ್. ನಿಯಮ ಕಲಿಸಿದ ಕೋಚ್ ನೇಗಿಲೆತ್ತಿ ಭೀಮನ ಮೇಲೇರಿ ಹೋಗುತ್ತಾನೆ, ಫಲ ಬೇಕಾದ ಕೋಚ್ ಅವನನ್ನು ತಬ್ಬಿ ತಡೆಯುತ್ತಾನೆ.

ತಪ್ಪು ಯಾರದು? ಹೊಡೆದ ಭೀಮನದೇ? ತೊಡೆ ತಟ್ಟಿದವನದೇ? ಹೇಳಿಕೊಟ್ಟವನದೇ?

ಈ ಜಟ್ಟಿ ಕಾಳಗವನ್ನು ಕನ್ನಡದಲ್ಲಿ ಮರೆಯಲಾಗದಂತೆ ಕಟ್ಟಿದ ರನ್ನ ಜೈನ. ಅವನ ಧರ್ಮದಲ್ಲಿ ಈ ಲೆಕ್ಕಕ್ಕೆ ಮೂರು ಕಾಲಂ ಎಳೆದಿಟ್ಟಿದ್ದಾರೆ: ಕೃತ, ಕಾರಿತ, ಅನುಮತ. ತಾನೇ ಮಾಡಿದ್ದು, ಇನ್ನೊಬ್ಬರಿಂದ ಮಾಡಿಸಿದ್ದು, ಮಾಡಿದ್ದಕ್ಕೆ ತಲೆದೂಗಿದ್ದು. ಮೂರೂ ಕರ್ಮವನ್ನು ಅಂಟಿಸುತ್ತವೆ. ‘ನನ್ನ ಕೈ ಚೊಕ್ಕಟವಾಗಿದೆ’ ಎಂದು ಯಾರೂ ಜಾರಿಕೊಳ್ಳಲಾಗದು. ಎದುರಾಳಿ ಕೆಡೆದಾಗ ಗ್ಯಾಲರಿಯಲ್ಲಿ ಸಿಳ್ಳೆ ಹೊಡೆದವನಿಗೂ ಅಲ್ಲೊಂದು ಕಾಲಂ ಇದೆ.

ಕೋಚ್‌ನ ಬದುಕಿಗೆ ಒಗ್ಗುವ ಉತ್ತರ ಇದೇ. ಫಲದ ಆಸೆ ಬಿಡು ಎಂಬ ಮಾತು ಆಟಗಾರನಿಗೆ ಬಲ ಕೊಡಬಹುದು. ಕೋಚ್ ಬಿಟ್ಟರೂ ಫಲ ಅವನನ್ನು ಬಿಡದು. ಹನ್ನೊಂದು ಜನ ಸೋತರೆ ಮರುದಿನ ಕೆಲಸ ಹೋಗುವುದು ಒಬ್ಬನದೇ. ಯೊರ್ಡಾನೆಸ್ಕು ಮುಂದೆ ರೊಮೇನಿಯಾ ತಂಡದ ಮುಖ್ಯ ಕೋಚ್ ಆಗಿ 1994ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾವನ್ನು 3–2ರಿಂದ ಮನೆಗೆ ಕಳಿಸಿದರು. ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ಎದುರು ಮತ್ತೆ ಪೆನಾಲ್ಟಿ. ಈ ಸಲ ಕೈತಪ್ಪಿತು. ಕೊನೆಯ ಒದೆತ ತಪ್ಪಿದ ಮಿಯೊಡ್ರಾಗ್ ಬೆಲೊಡೆಡಿಚ್ ಸೆವಿಲ್‌ನಲ್ಲೂ ತಂಡದಲ್ಲಿದ್ದವರು. ಯೊರ್ಡಾನೆಸ್ಕು ದೈವಭಕ್ತರು, ಪುಟ್ಟ ಪಟಗಳನ್ನು ಜೊತೆಗಿಟ್ಟುಕೊಂಡೇ ಬೆಂಚಿಗೆ ಬರುವವರೆಂದು ಹೆಸರಾದವರು. ಒದೆಯುವ ಕಾಲು ಇನ್ನೊಬ್ಬನದಾದಾಗ ಗೆರೆಯಾಚೆ ನಿಂತವನಿಗೆ ಉಳಿಯುವುದು ಪ್ರಾರ್ಥನೆಯೊಂದೇ. ಕೇಜ್ ಇಳಿಸಿ ಮುಂದಿನ ಬೆಲ್‌ಗೆ ಕಿವಿಗೊಟ್ಟು ಕೂತವನ ಸ್ಥಿತಿಯೂ ಅದೇ.

ನಮ್ಮ ದೇಶ ಕೃತವನ್ನು ಬೇಗ ಗುರುತಿಸಿತು, ಕಾರಿತವನ್ನು ತಡವಾಗಿ. ಆಟಗಾರರಿಗೆ ಅರ್ಜುನ ಪ್ರಶಸ್ತಿ ಶುರುವಾದದ್ದು 1961ರಲ್ಲಿ. ಕೋಚ್‌ಗಳಿಗೆ ದ್ರೋಣಾಚಾರ್ಯ ಪ್ರಶಸ್ತಿ ಬಂದದ್ದು 1985ರಲ್ಲಿ, ಅದೂ ಶಿಷ್ಯನಲ್ಲದವನ ಹೆಬ್ಬೆರಳು ಕೇಳಿದ ಗುರುವಿನ ಹೆಸರಿನಲ್ಲಿ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿದ ಭಾರತ ತಂಡದ ಕೋಚ್. ಬೆಂಗಳೂರಿನ ಅರುಮೈನಾಯಗಂ ಆ ತಂಡದಲ್ಲಿದ್ದರು. ರಹೀಮ್ ಮರುವರ್ಷವೇ ಕ್ಯಾನ್ಸರಿನಿಂದ ತೀರಿಕೊಂಡರು. ಕೋಚ್‌ಗೊಂದು ಪ್ರಶಸ್ತಿ ಬೇಕೆಂದು ದೇಶಕ್ಕೆ ಹೊಳೆಯಲು ಇನ್ನೂ 22 ವರ್ಷ ಹಿಡಿಯಿತು.

ಚಾಪ್‌ಮನ್ 2020ರ ಅಕ್ಟೋಬರ್ 12ರಂದು ಬೆಂಗಳೂರಿನಲ್ಲಿ ಹೃದಯಾಘಾತದಿಂದ ಹೋಗಿಬಿಟ್ಟರು. ವಯಸ್ಸು 49. ಅವರ ಗೋಲುಗಳನ್ನು ಎಣಿಸಬಹುದು. ಅವರಿಂದ ಕಲಿತವರು ಹೊಡೆದದ್ದನ್ನು ಎಣಿಸಲು ಯಾವ ಸ್ಕೋರ್‌ಬೋರ್ಡೂ ಇಲ್ಲ.

ಚಾಂಪಿಯನ್ ರೀಫ್ಸ್‌ನಲ್ಲೂ ಎಷ್ಟು ಟನ್ ಅದಿರು, ಎಷ್ಟು ಚಿನ್ನ ಎಂಬುದಕ್ಕೆ ದಾಖಲೆ ಇದೆ. ಲಿವರ್ ಹಿಡಿದು ಕೂತವರ, ಹೊಸಬರಿಗೆ ಬಂಡೆಯ ಸದ್ದು ಕೇಳಿ ಅಪಾಯ ಅರಿಯುವುದನ್ನು ಕಲಿಸಿದ ಮೇಸ್ತ್ರಿಗಳ ಮಾತು ಪುಸ್ತಕಕ್ಕೆ ಇಳಿದದ್ದು ಕಡಿಮೆ. ಗಣಿ ಮುಚ್ಚಿದಾಗ ನಲವತ್ತರ ಆಸುಪಾಸಿನಲ್ಲಿದ್ದವರು ಈಗ ಅರವತ್ತು ದಾಟಿದ್ದಾರೆ. ಆ ಕಡೆಯ ಕಾಲೇಜು ಹುಡುಗ ಹುಡುಗಿಯರು ಮೊಬೈಲ್‌ನ ರೆಕಾರ್ಡರ್ ಒತ್ತಿ, ಅವರ ಜಗಲಿಯ ಮೇಲೆ ಒಂದು ಸಂಜೆ ಕೂತು ಕೇಳಿಸಿಕೊಳ್ಳಲಿ.