ನಿವೃತ್ತರ ಉದ್ಯೋಗ: ಒಂದು ಧರ್ಮವಿಚಾರ

ಕಚೇರಿಯ ಭಾಷೆಯಲ್ಲಿ ನಿವೃತ್ತಿಯೆಂದರೆ ಒಂದು ದಿನಾಂಕ. ಶಾಸ್ತ್ರದ ಭಾಷೆಯಲ್ಲಿ ಅದೊಂದು ಮನೋಧರ್ಮ. ಮೊದಲನೆಯದು ಅರವತ್ತು ತುಂಬಿದ ತಿಂಗಳ ಕೊನೆಯ ದಿನ ತಾನಾಗಿಯೇ ಬರುತ್ತದೆ; ಎರಡನೆಯದು ಸಾಧನೆಯಿಂದಲೂ ಭಗವದನುಗ್ರಹದಿಂದಲೂ ಬರಬೇಕಾದದ್ದು. ಇವೆರಡೂ ಜೊತೆಯಾಗಿ ಬರುವುದು ಅಪರೂಪವಾದ್ದರಿಂದಲೇ ನಮ್ಮ ಅನೇಕ ಮನೆಗಳಲ್ಲಿ ಇಂದು ಒಂದು ಪ್ರಶ್ನೆ ಎದ್ದಿದೆ. ಸಾಕಷ್ಟು ಪಿಂಚಣಿ ಬರುತ್ತಿರುವಾಗ, ಮತ್ತೊಂದು ಕಡೆ ದೊಡ್ಡ ಸಂಬಳದ ಉದ್ಯೋಗಕ್ಕೆ ಸೇರುವುದು ಯುಕ್ತವೇ?

ಧಾರವಾಡ, ವಿಜಾಪುರ, ರಾಯಚೂರು, ಉಡುಪಿಗಳ ಕಡೆಯಿಂದ ಹೊರಟು ಮುಂಬಯಿ, ಪುಣೆ, ಹೈದರಾಬಾದು, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ನಮ್ಮವರಲ್ಲಿ ಬಹುಮಂದಿ ಬ್ಯಾಂಕು, ರೈಲ್ವೆ, ವಿಮೆ, ಲೆಕ್ಕಪತ್ರ ಕಚೇರಿಗಳಲ್ಲಿ ದುಡಿದವರು. ಅವರ ಅನುಭವಕ್ಕೆ ಖಾಸಗಿ ಸಂಸ್ಥೆಗಳಲ್ಲಿ ಬೆಲೆಯಿದೆ. ಬೀಳ್ಕೊಡುಗೆಯ ಹಾರ ಬಾಡುವ ಮೊದಲೇ 'ಸಲಹೆಗಾರರಾಗಿ ಬನ್ನಿ' ಎಂಬ ಕರೆ ಬರುವುದುಂಟು. ಇದನ್ನು ಕೆಲವರು ಭಾಗ್ಯವೆನ್ನುತ್ತಾರೆ, ಕೆಲವರು ಆಸೆಬುರುಕತನವೆನ್ನುತ್ತಾರೆ. ಎರಡೂ ಮಾತುಗಳನ್ನು ಬದಿಗಿಟ್ಟು ವಿಷಯವನ್ನು ನಾವು ಕ್ರಮವಾಗಿ ವಿಚಾರಿಸೋಣ.

ಪಿಂಚಣಿಯೆಂಬುದು ದಾನವೇ? ಅಲ್ಲ. 1982ರ ಡಿಸೆಂಬರ್ 17ರಂದು ನಕಾರಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಪಿಂಚಣಿಯು ಒಡೆಯನ ಕೃಪೆಯಿಂದ ಬರುವ ಕೊಡುಗೆಯಲ್ಲ, ಹಿಂದೆ ಸಲ್ಲಿಸಿದ ಸೇವೆಗೆ ಸಲ್ಲಬೇಕಾದ ಹಕ್ಕು ಎಂಬುದನ್ನು ಸ್ಪಷ್ಟಪಡಿಸಿತು. ಆ ದಿನವನ್ನು ನಿವೃತ್ತರ ಸಂಘಗಳು ಇಂದಿಗೂ ಪಿಂಚಣಿದಾರರ ದಿನವೆಂದು ಆಚರಿಸುತ್ತವೆ. ಆದ್ದರಿಂದ ಪಿಂಚಣಿಯ ಜೊತೆಗೆ ಸಂಬಳವನ್ನೂ ಪಡೆಯುವವನು ಒಂದೇ ಕೆಲಸಕ್ಕೆ ಎರಡು ಬಾರಿ ಕೂಲಿ ಪಡೆದನೆಂದು ದೂರುವಂತಿಲ್ಲ. ಒಂದು ಹಿಂದಿನ ದುಡಿಮೆಯ ಫಲ. ಇನ್ನೊಂದು ಇಂದಿನ ದುಡಿಮೆಯ ಫಲ. ಸರಕಾರವೇ ತನ್ನ ನಿವೃತ್ತನನ್ನು ಪುನಃ ನೇಮಿಸಿಕೊಂಡಾಗ ಸಾಮಾನ್ಯವಾಗಿ ಪಿಂಚಣಿಯ ಮೊತ್ತವನ್ನು ಲೆಕ್ಕಕ್ಕೆ ಹಿಡಿದು ಹೊಸ ವೇತನವನ್ನು ಗೊತ್ತುಮಾಡುತ್ತದೆ. ಖಾಸಗಿ ಸಂಸ್ಥೆಗೆ ಆ ಕಟ್ಟಳೆಯಿಲ್ಲ. ಕಾನೂನಿನ ದೃಷ್ಟಿಯಿಂದ ಇಲ್ಲಿ ದೋಷವಿಲ್ಲ.

ಇನ್ನು ಅಗತ್ಯದ ಮಾತು. ಪಿಂಚಣಿಯೆಂಬ ಒಂದೇ ಶಬ್ದದೊಳಗೆ ಬಹಳ ಅಂತರಗಳು ಅಡಗಿವೆ. ಕಾರ್ಖಾನೆಯಲ್ಲೋ ಸಣ್ಣ ಕಂಪನಿಯಲ್ಲೋ ದುಡಿದು ಭವಿಷ್ಯನಿಧಿಯ ಪಿಂಚಣಿ ಪಡೆಯುವವರಿಗೆ 2014ರಲ್ಲಿ ನಿಗದಿಯಾದ ಕನಿಷ್ಠ ಮೊತ್ತ ತಿಂಗಳಿಗೆ 1000 ರೂಪಾಯಿ. ಮಹಾನಗರದಲ್ಲಿ ಅದು ಹಾಲಿನ ಲೆಕ್ಕಕ್ಕೂ ಸಾಲದು. 2004ರ ಜನವರಿಯ ನಂತರ ಕೇಂದ್ರ ಸರಕಾರದ ನಾಗರಿಕ ಸೇವೆಗೆ ಸೇರಿದವರಿಗೆ ಹಳೆಯ ಪದ್ಧತಿಯ ಪಿಂಚಣಿ ಅನ್ವಯಿಸಲಿಲ್ಲ. ಹಳೆಯ ಪದ್ಧತಿಯವರಿಗೂ ಒಂದು ಚಿಂತೆ ತಪ್ಪಿದ್ದಲ್ಲ: ತಮ್ಮ ನಂತರ ಪತ್ನಿಗೆ ದೊರೆಯುವ ಕುಟುಂಬ ಪಿಂಚಣಿಯ ಸಾಮಾನ್ಯ ದರವು ಅಂತಿಮ ವೇತನದ ಶೇಕಡಾ 30 ಮಾತ್ರ. ಮನೆಯ ಸಾಲ, ಕಾಯಿಲೆ, ವಿವಾಹವಾಗಬೇಕಾದ ಮಗಳು, ನೆಲೆಯಾಗದ ಮಗ, ಇಂಥ ಹೊಣೆಗಳಿರುವವನು ಅರವತ್ತೈದರಲ್ಲಿಯೂ ದುಡಿದರೆ ಅದು ಗೃಹಸ್ಥಧರ್ಮವೇ ಹೊರತು ಲೋಭವಲ್ಲ. ಅವನನ್ನು ಕುರಿತು ಬೆರಳು ತೋರುವ ಅಧಿಕಾರ ಯಾರಿಗೂ ಇಲ್ಲ. ನಮ್ಮ ಪ್ರಶ್ನೆ ಉಳಿದವರಿಗೆ: ಮನೆಯಾಯಿತು, ಮಕ್ಕಳು ನೆಲೆ ಕಂಡರು, ಪಿಂಚಣಿಯಲ್ಲಿ ತಿಂಗಳು ಕಳೆದು ಮಿಗುತ್ತಿದೆ ಎನ್ನುವವರಿಗೆ.

ಅವರು ದುಡಿದರೆ ಎಳೆಯರ ಅನ್ನ ಕಸಿದಂತೆ ಎಂಬ ಮಾತು ಜನಜನಿತವಾಗಿದೆ. ಇದು ಅರ್ಧ ಸತ್ಯ. ಲೋಕದಲ್ಲಿ ಉದ್ಯೋಗಗಳು ಎಣಿಸಿಟ್ಟ ಎಲೆಗಳಂತಲ್ಲ, ಒಬ್ಬನು ಕುಳಿತರೆ ಇನ್ನೊಬ್ಬನಿಗೆ ಎಲೆಯಿಲ್ಲವೆನ್ನಲು. ಅನುಭವಿಯೊಬ್ಬನ ಸಲಹೆಯಿಂದ ಸಂಸ್ಥೆ ಬೆಳೆದು ಹತ್ತು ಮಂದಿಗೆ ಕೆಲಸ ಸಿಕ್ಕುವುದುಂಟು. ಆದರೆ ಹುದ್ದೆ ಒಂದೇ ಇದ್ದು, ಅದಕ್ಕಾಗಿ ಕೆಳಗಿನವನು ವರ್ಷಗಟ್ಟಲೆ ಕಾದಿದ್ದಾಗ, ಮೇಲಿನವನು ಏಳದಿದ್ದರೆ ಆ ಮಾತು ಪೂರ್ಣ ಸತ್ಯವಾಗುತ್ತದೆ. 1998ರಲ್ಲಿ ಕೇಂದ್ರ ಸರಕಾರವು ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದಾಗ, ಹಿರಿಯರಿಗೆ ದೊರೆತ ಎರಡು ವರ್ಷಗಳು ಬಡ್ತಿಗಾಗಿ ಕಾದಿದ್ದ ಕಿರಿಯರಿಗೆ ನಿರೀಕ್ಷೆಯ ಎರಡು ವರ್ಷಗಳಾದುವು. ಹೊಸ ಕೆಲಸವನ್ನು ಸೃಷ್ಟಿಸಿಕೊಳ್ಳುವುದು ಬೇರೆ, ಹಳೆಯ ಪೀಠಕ್ಕೆ ಅಂಟಿಕೊಳ್ಳುವುದು ಬೇರೆ.

ಇನ್ನೊಂದು ಸೂಕ್ಷ್ಮವಿದೆ. ನಿವೃತ್ತನು ಮಾರುವುದು ಏನನ್ನು? ತನ್ನ ವಿದ್ಯೆಯನ್ನೋ, ಹಳೆಯ ಅಧಿಕಾರದ ನೆರಳನ್ನೋ? ಸಂವಿಧಾನವನ್ನು ರಚಿಸಿದ ಹಿರಿಯರು ಇದನ್ನು ಮುಂಗಂಡಿದ್ದರು. ನಿಯಂತ್ರಕರು ಮತ್ತು ಮಹಾಲೇಖಪಾಲರಾಗಿದ್ದವರು ಆ ಬಳಿಕ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಸರಕಾರದ ಯಾವ ಹುದ್ದೆಯನ್ನೂ ಪಡೆಯುವಂತಿಲ್ಲ. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಯಾಗಿದ್ದವರು ಭಾರತದ ಯಾವ ನ್ಯಾಯಾಲಯದಲ್ಲಿಯೂ ವಕಾಲತ್ತು ನಡೆಸುವಂತಿಲ್ಲ. ಕೇಂದ್ರದ 'ಎ' ವರ್ಗದ ಅಧಿಕಾರಿ ನಿವೃತ್ತನಾದ ಒಂದು ವರ್ಷದೊಳಗೆ ವಾಣಿಜ್ಯ ಉದ್ಯೋಗ ಸೇರಬೇಕಾದರೆ ಪೂರ್ವಾನುಮತಿ ಪಡೆಯಬೇಕು. ನಿಯಮವು ಒಂದು ವರ್ಷಕ್ಕೆ ಮುಗಿಯುತ್ತದೆ, ಅಂತಃಸಾಕ್ಷಿಗೆ ಅವಧಿಯಿಲ್ಲ. ನಿನ್ನೆ ತಾನು ಸಾಲ ಮಂಜೂರು ಮಾಡಿದ ಕಂಪನಿಯೇ ಇಂದು ಕುರ್ಚಿ ಹಾಕಿ ಕರೆದರೆ, ಅದು ಕರೆಯುತ್ತಿರುವುದು ತನ್ನನ್ನೋ ತನ್ನ ಹಳೆಯ ಕುರ್ಚಿಯನ್ನೋ ಎಂದು ಕೇಳಿಕೊಳ್ಳಬೇಕು.

ಹಾಗಾದರೆ ನಿವೃತ್ತರು ಕೈಕಟ್ಟಿ ಕುಳಿತಿರಬೇಕೇ? ಖಂಡಿತ ಅಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರಕಾರದ ಸೇವೆಯಿಂದ ಸ್ವ-ಇಚ್ಛೆಯಿಂದ ನಿವೃತ್ತರಾದರು. ಮರುವರ್ಷವೇ ಅವರು ಮೈಸೂರಿನ ಮುಖ್ಯ ಎಂಜಿನಿಯರಾದರು, 1912ರಲ್ಲಿ ದಿವಾನರಾದರು. 1911ರಲ್ಲಿ ಆರಂಭವಾದ ಕನ್ನಂಬಾಡಿಯ ಅಣೆಕಟ್ಟು ಆ ನಿವೃತ್ತಿಯ ನಂತರದ ದುಡಿಮೆಯ ಫಲ. ಮುಂಬಯಿಯ ಪಿಂಚಣಿಯೇ ಸಾಕೆಂದು ಅವರು ಮನೆಯಲ್ಲಿದ್ದಿದ್ದರೆ ಮಂಡ್ಯದ ಗದ್ದೆಗಳ ಕಥೆ ಬೇರೆಯಾಗುತ್ತಿತ್ತು. ಈಶಾವಾಸ್ಯೋಪನಿಷತ್ತು ಸಹ ಕರ್ಮವನ್ನು ಮಾಡುತ್ತಲೇ ನೂರು ವರ್ಷ ಬದುಕಲು ಬಯಸಬೇಕೆಂದು ಉಪದೇಶಿಸುತ್ತದೆ. ಆದರೆ ಅದಕ್ಕೆ ಮೊದಲೇ, ಭಗವಂತನು ಕೊಟ್ಟುದರಲ್ಲಿ ಬಾಳಬೇಕು, ಪರರ ಧನಕ್ಕೆ ಆಸೆಪಡಬಾರದು ಎಂದು ವಿಧಿಸಿದೆ. ಕರ್ಮಕ್ಕೆ ನೂರು ವರ್ಷದ ಅವಕಾಶ. ಆಸೆಗೆ ಒಂದು ದಿನದ್ದೂ ಇಲ್ಲ.

ದುಡಿಮೆಯನ್ನು ಬಿಡದೆ ಪೀಠವನ್ನು ಬಿಡುವುದು ಹೇಗೆಂಬುದಕ್ಕೆ ನಮ್ಮ ಪರಂಪರೆಯಲ್ಲಿಯೇ ದೃಷ್ಟಾಂತವಿದೆ. ಉಡುಪಿಯಲ್ಲಿ ಶ್ರೀಕೃಷ್ಣನ ಪೂಜೆಯ ಸರದಿ ಮೊದಲು ಎರಡು ತಿಂಗಳದ್ದಾಗಿತ್ತು. ಶ್ರೀ ವಾದಿರಾಜತೀರ್ಥರು ಅದನ್ನು ಎರಡು ವರ್ಷಗಳ ಪರ್ಯಾಯವಾಗಿ ವ್ಯವಸ್ಥೆಗೊಳಿಸಿದರು. ಅವಧಿ ಮುಗಿದಾಗ ಪರ್ಯಾಯ ಶ್ರೀಪಾದರು ಅಕ್ಷಯಪಾತ್ರೆ, ಸಟ್ಟುಗ ಮತ್ತು ಗರ್ಭಗುಡಿಯ ಬೀಗದ ಕೈಗಳನ್ನು ಮುಂದಿನ ಶ್ರೀಪಾದರಿಗೆ ಒಪ್ಪಿಸುತ್ತಾರೆ. ಎಷ್ಟೇ ಚೆನ್ನಾಗಿ ನಡೆಸಿದ್ದರೂ ಇನ್ನೊಂದು ದಿನ ನಡೆಸುವುದಿಲ್ಲ; ತಮ್ಮ ಮಠದ ಮುಂದಿನ ಸರದಿಗೆ ಹದಿನಾಲ್ಕು ವರ್ಷ ಕಾಯಬೇಕು. ಹಾಗೆಂದು ಕೆಲಸ ನಿಲ್ಲುತ್ತದೆಯೇ? ಪಾಠ, ಪ್ರವಚನ, ಸಂಚಾರ, ಸ್ವಮಠದ ಸಂಸ್ಥಾನಪೂಜೆ ಎಲ್ಲವೂ ನಡೆಯುತ್ತವೆ. ಒಪ್ಪಿಸಿದ್ದು ಅಧಿಕಾರವನ್ನು, ಕರ್ತವ್ಯವನ್ನಲ್ಲ.

ಕೊನೆಯದಾಗಿ, ಮನೆಯೊಳಗಿನ ಒಂದು ಮಾತು. ಯಜಮಾನರು ಅರವತ್ತರಲ್ಲಿ ನಿವೃತ್ತರಾದರು; ನಲವತ್ತು ವರ್ಷದ ಹಿಂದೆ ಅವರ ಕೈಹಿಡಿದು ಈ ಅಪರಿಚಿತ ನಗರಕ್ಕೆ ಬಂದ ಗೃಹಿಣಿ ಎಂದು ನಿವೃತ್ತಳಾದಳು? ಆಕೆಗೆ ಬೀಳ್ಕೊಡುಗೆಯೂ ಇಲ್ಲ, ಆಕೆಯ ದುಡಿಮೆಗೆ ಪಿಂಚಣಿಯೂ ಇಲ್ಲ. ಯಜಮಾನರು ಹೊಸ ಉದ್ಯೋಗಕ್ಕೆ ಸೇರಿದರೆ ಬೆಳಗಿನ ಐದರ ಒಲೆ, ಎಂಟರ ಲೋಕಲ್ ಗಾಡಿಗೆ ಹೊಂದಿಸುವ ಊಟದ ಡಬ್ಬಿ ಇನ್ನೈದು ವರ್ಷ ಮುಂದುವರಿಯುತ್ತವೆ. ಬಾಕಿಯುಳಿದ ಕಾಶಿಯಾತ್ರೆ, ಊರಿನಲ್ಲಿ ಒಂಟಿಯಾಗಿರುವ ಅಕ್ಕನ ಯೋಗಕ್ಷೇಮ, ಕನ್ನಡವನ್ನು ಓದಲು ಬಾರದ ಮೊಮ್ಮಗನಿಗೆ ಅಕ್ಷರಾಭ್ಯಾಸ, ಇವೆಲ್ಲ ಮತ್ತೆ ಮುಂದೂಡಲ್ಪಡುತ್ತವೆ. ಒಪ್ಪಿಗೆಪತ್ರಕ್ಕೆ ಸಹಿ ಹಾಕುವ ಮೊದಲು ಆಕೆಯ ಅಭಿಪ್ರಾಯವನ್ನು ಕೇಳಿದವರೆಷ್ಟು ಮಂದಿ? ಅನೇಕರು ಕೆಲಸಕ್ಕೆ ಮರಳುವುದು ಹಣಕ್ಕಾಗಿಯೂ ಅಲ್ಲ. ಹೆಸರಿನ ಕೆಳಗೆ ಹುದ್ದೆಯಿಲ್ಲದಿದ್ದರೆ ತಾವು ಯಾರೂ ಅಲ್ಲವೆಂಬ ಭಯಕ್ಕಾಗಿ. ಆ ಭಯಕ್ಕೆ ಸಂಬಳ ಔಷಧವಲ್ಲ. ಅದು ಎಪ್ಪತ್ತರಲ್ಲಿ ಪುನಃ ಬಂದೇ ಬರುತ್ತದೆ.

ಒಟ್ಟಿನಲ್ಲಿ ನಾವು ತಿಳಿಯಬೇಕಾದುದು ಇಷ್ಟು. ಅಗತ್ಯವಿರುವವರು ನಿಸ್ಸಂಕೋಚವಾಗಿ ದುಡಿಯಲಿ. ಅಗತ್ಯವಿಲ್ಲದವರು ಯಾರದೋ ಸರದಿಯ ಸ್ಥಾನವನ್ನು ಹಿಡಿಯದಿರಲಿ, ಹಳೆಯ ಪ್ರಭಾವವನ್ನು ಮಾರದಿರಲಿ. ವಿದ್ಯೆಗೆ ಬೇಡಿಕೆಯಿದ್ದರೆ ಕಲಿಸಲಿ, ಸಲಹೆ ನೀಡಲಿ. ದಿನದ ಎಂಟು ಗಂಟೆಯ ಬದಲು ಮೂರು ಗಂಟೆ ಸಾಕೆಂದು ಹೇಳುವ ಧೈರ್ಯ ತೋರಲಿ. ಬಂದ ಸಂಭಾವನೆಯಲ್ಲಿ ಒಂದು ಪಾಲನ್ನು, ಸೇರಿದ ದಿನವೇ ನಿಶ್ಚಯಿಸಿ, ಓದುವ ಬಡಮಕ್ಕಳಿಗೆ ಮೀಸಲಿಡಲಿ. ಉಳಿದ ಹೊತ್ತು ಮನೆಯವರದು, ಮತ್ತು ಇಷ್ಟು ವರ್ಷ 'ಸಮಯವಿಲ್ಲ' ಎಂದು ನಾವು ಕಾಯಿಸಿದ ಆ ಭಗವಂತನದು. ಕೊಡಬೇಕಾದ ಬೀಗದ ಕೈಯನ್ನು ನಗುಮುಖದಿಂದ ಕೊಡುವ ಬುದ್ಧಿಯನ್ನು ಶ್ರೀಹರಿವಾಯುಗುರುಗಳು ನಮಗೆಲ್ಲರಿಗೂ ಅನುಗ್ರಹಿಸಲಿ.

ಶ್ರೀಕೃಷ್ಣಾರ್ಪಣಮಸ್ತು.