ನೆನಪು ಪ್ರಮಾಣವೇ?

ಅರೆಕೆರೆಯ ನಮ್ಮ ಮನೆಯ ಮೇಜಿನ ಮೇಲೆ ಎರಡು ಲ್ಯಾಪ್‌ಟಾಪ್. ಎರಡರಲ್ಲೂ ಒಂದೇ ಪುಟ. ಒಂದರಲ್ಲಿ ಬಟನ್ ಒತ್ತಿದರೆ ಲೆಕ್ಕ ಬರುತ್ತದೆ, ಇನ್ನೊಂದು ಸುಮ್ಮನಿದೆ. ಅದು ಹೊಸ ಪುಟಕ್ಕೆ ಹಳೆಯ ಜಾವಾಸ್ಕ್ರಿಪ್ಟ್ ಫೈಲನ್ನು ಜೋಡಿಸಿಕೊಂಡಿದೆ. ಸರ್ವರ್ ಆ ಫೈಲಿಗೆ ಮ್ಯಾಕ್ಸ್-ಏಜ್ 86400 ಎಂದು ಬರೆದು ಕಳಿಸಿತ್ತು. ಅಷ್ಟು ಸೆಕೆಂಡು, ಅಂದರೆ ಒಂದು ಇಡೀ ದಿನ, ಬ್ರೌಸರ್ ಮತ್ತೆ ಕೇಳಲೇಬೇಕಿಲ್ಲ, ಕ್ಯಾಶ್ ಎಂಬ ತನ್ನ ನೆನಪಿನಲ್ಲಿ ಇಟ್ಟದ್ದನ್ನೇ ಬಳಸಬಹುದು.

ನೆನಪನ್ನು ನಂಬಬಹುದೇ ಎಂಬುದು ದರ್ಶನಗಳ ಪ್ರಶ್ನೆಯೂ ಹೌದು. ನ್ಯಾಯದರ್ಶನದ ನೈಯಾಯಿಕರು ನೆನಪನ್ನು ಪ್ರಮೆ, ಅಂದರೆ ಪ್ರಮಾಣಭೂತ ತಿಳಿವಳಿಕೆ, ಎಂದು ಒಪ್ಪುವುದಿಲ್ಲ. ಮಾಧ್ವರು ಒಪ್ಪುತ್ತಾರೆ, ಟೀಕಾಚಾರ್ಯ ಜಯತೀರ್ಥರು ‘ಪ್ರಮಾಣಪದ್ಧತಿ’ಯಲ್ಲಿ ನೆನಪಿನ ಪರವಾಗಿ ನಿಲ್ಲುತ್ತಾರೆ. ನಾನೂ ಅವರ ಕಡೆಗೇ. ನೆನಪು ಹೇಳುವುದು ‘ಹಾಗಿತ್ತು’ ಎಂದು. ಹಾಗಿದ್ದದ್ದು ನಿಜವಾದರೆ ಆ ತಿಳಿವಳಿಕೆ ಯಥಾರ್ಥವೇ. ಕ್ಯಾಶ್‌ನಲ್ಲಿದ್ದ ಫೈಲೂ ನಿನ್ನೆಯ ಮಟ್ಟಿಗೆ ಸರಿಯಾಗಿಯೇ ಇತ್ತು. ಅದನ್ನು ‘ಹೀಗಿದೆ’ ಎಂದು ಓಡಿಸಿದಲ್ಲಿ ದೋಷ ಹುಟ್ಟಿತು.

ಹಾಗಾಗಿ ಕ್ಯಾಶ್ ಅಳಿಸುವುದನ್ನೇ ಮದ್ದೆನ್ನುವವರ ಮಾತು ನನಗೆ ಒಪ್ಪಿಗೆಯಿಲ್ಲ. ಕಂಟ್ರೋಲ್, ಶಿಫ್ಟ್, ಆರ್ ಒತ್ತಿದರೆ ನನ್ನ ಯಂತ್ರ ಸರಿಹೋದೀತು, ಓದುಗರದ್ದಲ್ಲ. ನೋ-ಕ್ಯಾಶ್ ಎಂಬ ಸೂಚನೆ ಹೆಚ್ಚು ವಿವೇಕದ್ದು: ಇಟ್ಟುಕೋ, ಬಳಸುವ ಮುನ್ನ ಕೇಳು ಎನ್ನುತ್ತದೆ. ಬದಲಾಗಿಲ್ಲವಾದರೆ ಸರ್ವರ್ 304 ಎಂದಷ್ಟೇ ಉತ್ತರಿಸುತ್ತದೆ. ಹಳೆಯದೇ ಈ ಕ್ಷಣದ ಸತ್ಯವಾಗುತ್ತದೆ.

ಬ್ಯಾಕ್ ಒತ್ತಿದಾಗ ಪುಟ ಕೆಲವೊಮ್ಮೆ ಸ್ಕ್ರಿಪ್ಟಿನ ಸ್ಥಿತಿ ಸಮೇತ ನೆನಪಿನಿಂದಲೇ ಎದ್ದುಬರುತ್ತದೆ. ಆಗ ಲೋಡ್ ಈವೆಂಟ್ ನಡೆಯುವುದಿಲ್ಲ. ಪೇಜ್‌ಶೋ ನಡೆಯುತ್ತದೆ, ಅದರ ಪರ್ಸಿಸ್ಟೆಡ್ ಗುಣ ‘ನಿಜ’ ಎಂದಿರುತ್ತದೆ: ತಾನು ನೆನಪೆಂದು ಪುಟವೇ ಹೇಳುತ್ತದೆ.